ಸೊಪ್ಪಿನ ತೋಟಕ್ಕೂ ಶಿಡ್ಲಘಟ್ಟ ರೋಡಿಗೂ ಒಂದೇ ಟೈರ್: ಜಿಮ್ನಿಗೆ ಮೂರು ಸೆಟ್ ಹಾಕಿ ನೋಡಿದ್ದು

ಮೊದಲೇ ಹೇಳ್ಬಿಡ್ತೀನಿ, ನಾನು ಬೆಟ್ಟ ಹತ್ಸೋಕೆ ಅಂತ ಜಿಮ್ನಿ, ಅಂದ್ರೆ ಮಾರುತಿಯ ಪುಟ್ಟ ಫೋರ್ ವೀಲ್ ಡ್ರೈವ್ ಜೀಪು, ತಗೊಂಡೋನಲ್ಲ. ಮನೆ ಚಿಕ್ಕಬಳ್ಳಾಪುರ ಟೌನಲ್ಲಿ, ರೇಷ್ಮೆ ತೋಟ ಶಿಡ್ಲಘಟ್ಟ ದಾಟಿ ಒಳಗೆ, ದಿನಾ ಹೋಗಿ ಬರೋದು ಐವತ್ತು ಕಿಲೋಮೀಟರ್ ಆಗುತ್ತೆ, ಅದರಲ್ಲಿ ನಲವತ್ತೈದು ಒಳ್ಳೆ ಟಾರು, ಉಳಿದ ಐದು ಕೆರೆ ಏರಿ ಕೆಳಗಿನ ಗಾಡಿ ದಾರಿ ಮತ್ತೆ ತೋಟದ ಒಳಗೆ. ಆ ಐದು ಕಿಲೋಮೀಟರಿಗೋಸ್ಕರನೇ ಫೋರ್ ವೀಲ್. ಹೆಚ್ಎನ್ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸೋದು, ನಮ್ಮ ಜಿಲ್ಲೆ ಕೆರೆಗಳಿಗೆ ಬಂದ್ಮೇಲೆ ಬೋರ್‌ವೆಲ್‌ಗೆ ಒಳ್ಳೇದಾಯ್ತು ನಿಜ, ಆದ್ರೆ ಹುಡುಗರಾಗಿದ್ದಾಗ ಏಪ್ರಿಲಲ್ಲಿ ಕ್ರಿಕೆಟ್ ಆಡ್ತಿದ್ದ ಕೆರೇಲಿ ಈಗ ನೀರು, ಏರಿ ಕೆಳಗಿನ ದಾರಿ ಬೇಸಿಗೇಲೂ ಪೂರ್ತಿ ಒಣಗಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ) ಎದ್ದಮೇಲೆ ಒಂದು ವಾರ ಬಕಾಸುರನ ಥರ ತಿಂತವೆ, ಆಗ ಗಾಡಿ ಕೆಸರಲ್ಲಿ ಕೂತಿದೆ ಅಂತ ಹುಳದ ಹತ್ರ ಹೇಳೋಕಾಗಲ್ಲ.

ಟೈರ್ ಕಂಪನಿ ಹೆಸರು ಬರೆಯಲ್ಲ. ಯಾಕಂದ್ರೆ ಒಂದೇ ಕಂಪನಿ ಒಂದೇ ಮಾಡೆಲ್ ಒಂದು ಸೈಜಲ್ಲಿ ಮೆತ್ತಗಿನ ಕಾರ್ ಟೈರಾಗಿ ಬರುತ್ತೆ, ಇನ್ನೊಂದು ಸೈಜಲ್ಲಿ ಎಲ್‌ಟಿ ಅಂತ, ಅಂದ್ರೆ ಲೈಟ್ ಟ್ರಕ್ ಟೈರಾಗಿ ಬರುತ್ತೆ, ಎರಡಕ್ಕೂ ಅಜಗಜಾಂತರ. ನನ್ನ ಹೆಸರು ನೋಡ್ಕೊಂಡು ನೀವು ಥಾರ್ ಸೈಜಲ್ಲಿ ತಗೊಂಡು ಆಮೇಲೆ ನನ್ನ ಬೈಕೊಳೋದು ಬೇಡ. ಟೈರ್ ಜಾತಿ ಹೇಳ್ತೀನಿ ಸಾಕು.

ಮೊದಲ್ನೇದು ಗಾಡಿ ಜೊತೆ ಬಂದಿದ್ದು, 195/80 ಆರ್15, ಹೆಚ್‌ಟಿ ಅಂದ್ರೆ ಹೈವೇ ಟೈರು. 2023ರ ಕೊನೇಲಿ ಗಾಡಿ ಬಂತು, ಇದರಲ್ಲಿ 22 ಸಾವಿರ ಓಡ್ಸಿದೀನಿ. ಟಾರಲ್ಲಿ ಇದರಷ್ಟು ಚೆನ್ನಾಗಿ ಇನ್ಯಾವ್ದೂ ಓಡಲಿಲ್ಲ, ಸದ್ದಿಲ್ಲ, ಹಗುರ, ಮೈಲೇಜ್ 14.5 ಕೊಡ್ತಿತ್ತು. ಕೆಸರಲ್ಲಿ ಮಾತ್ರ ಗೀರುಗಳ ಮಧ್ಯೆ ಗೋಡು ಮಣ್ಣು ತುಂಬ್ಕೊಂಡು ಎರಡು ಸುತ್ತಿಗೆಲ್ಲ ನುಣ್ಣಗೆ ಬೋಳು ಟೈರ್ ಆಗೋಗುತ್ತೆ. ಜಿಮ್ನೀಲಿ ಸುಮ್ನೆ ತಿರುಗ್ತಿರೋ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದು ಕಡೆಗೆ ಶಕ್ತಿ ಕಳಿಸೋ ವ್ಯವಸ್ಥೆ ಇದೆ, ಒಂದು ಚಕ್ರ ಜಾರಿದ್ರೆ ಅದು ಕಾಪಾಡುತ್ತೆ, ನಾಲ್ಕಕ್ಕೂ ಸೋಪು ಹಚ್ಚಿದಂಗಾದ್ರೆ ಅದೇನು ಮಾಡುತ್ತೆ ಪಾಪ. 2024ರ ಅಕ್ಟೋಬರ್ ಮಳೇಲಿ ಎರಡು ಸಲ ಟ್ರ್ಯಾಕ್ಟರ್ ಕರೆಸಿ ಎಳೆಸಿದೆ, ಫೋರ್ ಎಲ್, ಅಂದ್ರೆ ನಾಲ್ಕೂ ಚಕ್ರಕ್ಕೆ ನಿಧಾನದ ಜಾಸ್ತಿ ಎಳೆತದ ಗೇರು, ಹಾಕಿದ್ರೂ.

ಆದ್ರೆ ಆ ಟೈರ್ ಬಿಡೋಕೆ ಕಾರಣ ಕೆಸರಲ್ಲ, ಸೊಪ್ಪಿನ ಕೂಳೆ. ಹಿಪ್ಪುನೇರಳೆ ಕಡ್ಡಿ ಕುಡುಗೋಲಲ್ಲಿ ಕೊಯ್ದಾಗ ಓರೆಯಾಗಿ ಕತ್ತರಿಸುತ್ತೆ, ನಾಲ್ಕೈದು ದಿನ ಬಿಸಿಲಿಗೆ ಒಣಗಿದ್ರೆ ಗೂಟದ ಮೊನೆ ಥರ ಆಗುತ್ತೆ. ಸಾಲಿನ ತುದೀಲಿ ಗಾಡಿ ತಿರುಗಿಸುವಾಗ ಅದು ಟೈರಿನ ಅಡಿಗೆ ಸಿಗಲ್ಲ, ಸೈಡ್‌ವಾಲಿಗೆ ಪಕ್ಕದಿಂದ ಚುಚ್ಚುತ್ತೆ. ಬಳ್ಳಾರಿ ಜಾಲಿ ಮುಳ್ಳಾದ್ರೆ ಪಂಚರ್ ಹಾಕಿಸ್ಕೊಂಡು ಬರಬಹುದು, ಸೈಡ್‌ವಾಲ್ ಹರಿದ್ರೆ ಟೈರ್ ಎಸೆಯೋದೇ. ಹಂಗೆ ಎರಡು ಹೋದ್ವು.

ಆ ಸಿಟ್ಟಲ್ಲೇ 2025ರ ಫೆಬ್ರವರೀಲಿ ಬೆಂಗಳೂರಲ್ಲಿ ಒಬ್ರು ಗಾಡಿ ಬದಲಾಯಿಸ್ತಾ ಇದ್ದೋರ ಹತ್ರ ಐದು ಟೈರ್ ಸೆಕೆಂಡ್ ಹ್ಯಾಂಡ್ ತಗೊಂಡೆ. ದೊಡ್ಡ ಬಟನ್‌ನ (ಟೈರಿನ ಮೇಲಿನ ರಬ್ಬರ್ ಗಡ್ಡೆಗಳು) ಏಟಿ, ಅಂದ್ರೆ ಟಾರು ಮಣ್ಣು ಎರಡಕ್ಕೂ ಅಂತ ಮಾಡಿದ ಆಲ್ ಟೆರೇನ್ ಟೈರು, ಎಲ್‌ಟಿ 215/75 ಆರ್15. ನೋಡೋಕೆ ಗಾಡಿ ರಾಕ್ಷಸ ಆಯ್ತು, ಮಗ ಖುಷಿ. ಅಮ್ಮ ಮೊದಲ್ನೇ ದಿನ ಹಿಂದಿನ ಸೀಟಲ್ಲಿ ಕೂತು "ಏನೋ ಇದು ಹಿಟ್ಟಿನ ಮಿಲ್ಲೊಳಗೆ ಕೂರ್ಸಿದಂಗೆ ಗುಯ್ ಅಂತದೆ" ಅಂದ್ರು. ಸ್ಪೀಡು ಅರವತ್ತು ದಾಟಿದ್ರೆ ಫೋನಲ್ಲಿ ಮಾತಾಡೋರು ಎಲ್ಲಿದೀಯಾ ಅಂತ ಕೇಳೋರು.

ಸೈಡ್‌ವಾಲ್ ಮಾತ್ರ ಕಲ್ಲು. ಏಳು ತಿಂಗಳು, ಒಂಬತ್ತು ಸಾವಿರ ಕಿಲೋಮೀಟರ್, ಕೂಳೆ ಗೀಚಿದ ಗುರುತು ಬಿಟ್ರೆ ಒಂದೂ ಹರೀಲಿಲ್ಲ. ಕೆಸರಲ್ಲೂ ಬಟನ್ ಮಧ್ಯೆ ಜಾಗ ಇರೋದ್ರಿಂದ ಮಣ್ಣು ಹಿಡಿಯುತ್ತೆ, ತಿರುಗುವಾಗ ಕಿತ್ತು ಎಸೆಯುತ್ತೆ, ಮತ್ತೆ ಹಿಡಿಯುತ್ತೆ. ಟ್ರ್ಯಾಕ್ಟರ್ ಒಂದು ಸಲಾನೂ ಕರೀಲಿಲ್ಲ.

ಹಂಗಾದ್ರೆ ಯಾಕೆ ತೆಗೆದೆ ಅಂತೀರಾ? ಮೇ ತಿಂಗಳ ಮೊದಲ ಮಳೆ, ಸಂಜೆ, ಶಿಡ್ಲಘಟ್ಟ ರೋಡು, ಬರೀ ಐವತ್ತರಲ್ಲಿ ಇದ್ದೆ, ಪಕ್ಕದ ಮಣ್ಣು ರಸ್ತೆಯಿಂದ ಹಾಲಿನ ಕ್ಯಾನ್ ಕಟ್ಕೊಂಡು ಬೈಕೊಂದು ನುಗ್ತು, ಬ್ರೇಕ್ ಒತ್ತಿದೆ, ಎಬಿಎಸ್ ಕಟಕಟಕಟ ಅಂತು, ಗಾಡಿ ಮಾತ್ರ ನಿಲ್ಲೋ ಮನಸ್ಸೇ ಇಲ್ಲದಂಗೆ ಹೋಗ್ತಾನೇ ಇತ್ತು. ಕ್ಯಾನಿಗೂ ನನ್ನ ಬಂಪರಿಗೂ ಒಂದು ಮೊಳ ಉಳೀತು. ಬೈಕಿನವರು ಬೈದಿದ್ದು ನ್ಯಾಯವಾಗೇ ಇತ್ತು. ಮನೆಗೆ ಬಂದು ಟಾರ್ಚ್ ಹಾಕಿ ಟೈರಿನ ಪಕ್ಕ ನೋಡಿದ್ರೆ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇಲಿ 3119 ಅಂತ ಇತ್ತು. ಮೊದಲ ಎರಡಂಕಿ ವಾರ, ಆಮೇಲಿಂದು ವರ್ಷ, ಅಂದ್ರೆ 2019ರ 31ನೇ ವಾರ. ಹೆಚ್ಚೂಕಮ್ಮಿ ಆರು ವರ್ಷದ ರಬ್ಬರು, ಉಗುರು ಊರಿದ್ರೂ ಇಳೀತಿರಲಿಲ್ಲ. ಬಟನ್ ನೋಡಿ ಮರುಳಾದೆ, ತಗೊಳ್ಳೋವಾಗ ಈ ನಾಲ್ಕು ಅಂಕಿ ನೋಡ್ಲಿಲ್ಲ, ತಪ್ಪು ನಂದೇ. ಹಾಗಾಗಿ ಆ ಜಾತಿ ಟೈರೆಲ್ಲ ಹಿಂಗೇ ಅನ್ನೋಕಾಗಲ್ಲ, ಹೊಸದಾಗಿದ್ರೆ ಇಷ್ಟು ಜಾರ್ತಿರಲಿಲ್ವೇನೋ. ಆದ್ರೂ ಬಟನ್ ದೊಡ್ಡದಾಗಿ ದೂರದೂರ ಇದ್ದಷ್ಟೂ ಟಾರಿಗೆ ತಾಗೋ ರಬ್ಬರ್ ಕಮ್ಮಿ, ಅದು ಹೊಸದಕ್ಕೂ ತಪ್ಪಿದ್ದಲ್ಲ.

ಇನ್ನೊಂದು ತೂಕ. ಗೂಡು ತೂಗೋ ತಕ್ಕಡಿ ಹುಳು ಮನೇಲೇ ಇತ್ತಲ್ಲ, ಅಲಾಯ್ ಸಮೇತ ಇಟ್ಟು ತೂಗ್ದೆ. ಕಂಪನಿ ಟೈರು 19 ಕೆಜಿ ಚಿಲ್ಲರೆ, ಈ ರಾಕ್ಷಸ ಹತ್ರತ್ರ 24. ಜಿಮ್ನಿ 1200 ಕೆಜಿ ಗಾಡಿ, 105 ಕುದುರೆ ಶಕ್ತಿ, ಒಂದೊಂದು ಚಕ್ರಕ್ಕೂ ನಾಲ್ಕೈದು ಕೆಜಿ ಜಾಸ್ತಿ ಕಟ್ಟಿದ್ರೆ ಮೂರನೇ ಗೇರಲ್ಲಿ ಹೋಗೋ ಕಡೆ ಎರಡಕ್ಕೆ ಬರಬೇಕಾಗುತ್ತೆ. ಆ ಟೈರ್ ಮೇಲಿದ್ದ 100 ಅನ್ನೋ ಲೋಡ್ ನಂಬರಿಗೆ ಒಂದು ಟೈರ್ 800 ಕೆಜಿ ಹೊರುತ್ತೆ ಅಂತ ಅರ್ಥ, ನಾಲ್ಕಕ್ಕೆ 3200. ನಮ್ಮ ಗಾಡಿ ಜನ, ಸಾಮಾನು ಎಲ್ಲಾ ತುಂಬಿದ್ರೂ 1500 ಚಿಲ್ಲರೆ. ಬೇಡದ ಗಟ್ಟಿ, ಅದಕ್ಕೇ ಹಂಪ್ ಮೇಲೆ ಹಲ್ಲು ಕಟಕಟ. ಮೈಲೇಜ್ 12.5ಕ್ಕೆ ಇಳೀತು. ಇಲ್ಲೊಂದು ಲೆಕ್ಕ ನೆನಪಿರಲಿ, 195/80 ಟೈರ್ ಎತ್ತರ 693 ಮಿಲಿಮೀಟರ್, 215/75 ಅಂದ್ರೆ 703 ಚಿಲ್ಲರೆ, ಶೇಕಡ ಒಂದೂವರೆ ಜಾಸ್ತಿ, ಹಂಗಾಗಿ ಮೀಟರಲ್ಲಿ ನೂರು ಓಡಿದ್ರೆ ನಿಜಕ್ಕೂ 101.5 ಓಡಿರುತ್ತೆ. ಅದನ್ನ ಸೇರಿಸಿದ್ರೂ 12.7 ದಾಟಲ್ಲ.

ಮೂರನೇ ಸೆಟ್ಟು ಈಗ ಇರೋದು. ಸಣ್ಣ ಬಟನ್‌ನ ಏಟಿ, ಅದೇ 215/75 ಆರ್15, ಆದ್ರೆ ಎಲ್‌ಟಿ ಅಲ್ಲ. ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಅಂತ ಗೊತ್ತಾಗಿ ಎರಡೂಮುಕ್ಕಾಲು ವಾರ ಆ ಜಾರೋ ಟೈರಲ್ಲೇ ನಲವತ್ತರ ಮೇಲೆ ಹೋಗದೆ ಕಾದು ಆಮೇಲೆ ಹಾಕಿಸ್ದೆ. ಅಂಗಡಿಯವ್ನು "ಅಣ್ಣಾ, ನಾಲ್ಕು ಸಾಕು, ಸ್ಟೆಪ್ನಿಗೆ ಹಳೇದೇ ಇರ್ಲಿ ಬಿಡಿ" ಅಂದ. ಬೇಡ ಅಂದೆ. ಫೋರ್ ವೀಲ್ ಹಾಕ್ದಾಗ ಮುಂದಿನ ಹಿಂದಿನ ಆಕ್ಸಲ್ ಲಾಕಾಗಿ ಒಂದೇ ಲೆಕ್ಕದಲ್ಲಿ ತಿರುಗುತ್ವೆ, ಒಂದು ಟೈರ್ ಗಿಡ್ಡ ಇದ್ರೆ ಆ ವ್ಯತ್ಯಾಸ ಎಲ್ಲಾ ಗೇರ್‌ಬಾಕ್ಸ್ ಕಡೆಯವೇ ತಡ್ಕೋಬೇಕು. ಐದೂ ಒಂದೇ ತಗೊಂಡು ಎಂಟು ಸಾವಿರಕ್ಕೊಂದು ಸಲ ಸ್ಟೆಪ್ನೀನೂ ಸೇರಿಸಿ ಜಾಗ ಬದಲಾಯಿಸ್ತಾ ಇದೀನಿ.

ಇದು ಅಲಾಯ್ ಸಮೇತ 21ರ ಮೇಲೆ ತೂಗ್ತು. ಮೈಲೇಜ್ 13.7. ಸದ್ದು ಎಂಬತ್ತಾದ ಮೇಲೆ ಸ್ವಲ್ಪ ಕೇಳುತ್ತೆ, ಅಮ್ಮ ಏನೂ ಅಂದಿಲ್ಲ ಅಂದ್ರೆ ಪಾಸು. ಒದ್ದೆ ಟಾರಲ್ಲಿ ಬ್ರೇಕ್ ಕಂಪನಿ ಟೈರಿಗೆ ಹತ್ರತ್ರ ಬರುತ್ತೆ, ಅದೇ ಜಾಗದಲ್ಲಿ ಹಿಂದೆಮುಂದೆ ಯಾರೂ ಇಲ್ದಾಗ ಬೇಕಂತಲೇ ಒತ್ತಿ ನೋಡ್ದೆ. ಕೆಸರಲ್ಲಿ ರಾಕ್ಷಸನಿಗೆ ಸಮ ಅಲ್ಲ. ನವೆಂಬರಲ್ಲಿ ಒಂದು ಸಲ ಏರಿ ಕೆಳಗೆ ಹೊಟ್ಟೆ ತಾಗಿ ನಿಂತೋಯ್ತು.

ಆವತ್ತು ಕಾಪಾಡಿದ್ದು ಗಾಳಿ ಇಳಿಸಿದ್ದೇ. ಬೈಕಿಗೆ ಹಾಕೋ ಸಣ್ಣ ಗೇಜು ಜೇಬಲ್ಲಿತ್ತು, ನಾಲ್ಕರಲ್ಲೂ ಗಾಳಿ 18 ಪಿಎಸ್‌ಐಗೆ ಇಳಿಸ್ದೆ. ಟೈರ್ ಚಪಾತಿ ಹಿಟ್ಟಿನ ಉಂಡೆ ಒತ್ತಿದಂಗೆ ಅಗಲ ಆಗುತ್ತೆ ಕಣ್ರೀ, ಕಣ್ಣಿಗೇ ಕಾಣುತ್ತೆ. ಫೋರ್ ಎಲ್, ಎರಡನೇ ಗೇರು, ಆಕ್ಸಿಲೇಟರ್ ಮೇಲೆ ಬರೀ ಹೆಬ್ಬೆರಳು, ಮೆಲ್ಲಗೆ ಎದ್ದು ಬಂತು. ಅದೇ ಕೆಲಸ ಎಲ್‌ಟಿ ಟೈರಲ್ಲಿ ಹಿಂದೆ ಮಾಡಿ ನೋಡಿದ್ದೆ, 18ಕ್ಕೆ ಇಳಿಸಿದ್ರೂ ಈ ಹಗುರ ಗಾಡಿಗೆ ಅದು ಬಾಗಲೇ ಇಲ್ಲ. ಆದ್ರೆ ಟಾರಿಗೆ ಹತ್ತೋ ಮುಂಚೆ ವಾಪಸ್ ಗಾಳಿ ಹೊಡಿಬೇಕು, ಇಲ್ದಿದ್ರೆ ಸೈಡ್‌ವಾಲ್ ಬಗ್ಗಿ ಬಗ್ಗಿ ಕಾದು ಕಿತ್ಕೊಂಡು ಹೋಗುತ್ತೆ. ಹನ್ನೆರಡು ವೋಲ್ಟಿನ ಪಂಪ್ ಸೀಟಿನಡೀಲಿ ಇಟ್ಕೊಂಡಿದೀನಿ.

ಕೂಳೆಗೆ ಏನು ಮಾಡ್ದೆ? ಈ ಟೈರಿನ ಸೈಡ್‌ವಾಲ್ ಕಂಪನಿದಕ್ಕಿಂತ ದಪ್ಪ, ಎಲ್‌ಟಿಯಷ್ಟಲ್ಲ. ಹಾಗಾಗಿ ಪ್ರತಿ ಸಾಲಿನ ಕೊನೇಲಿ ಮೂರು ಗಿಡ ಬುಡ ಸಮೇತ ಕಿತ್ತು ಗಾಡಿ ತಿರುಗೋಕೆ ಜಾಗ ಮಾಡ್ದೆ. ಸೊಪ್ಪು ಒಂದೆರಡು ಹೊರೆ ಕಮ್ಮಿ ಆಗುತ್ತೆ ಅಂತ ಅಪ್ಪಾಜಿ ಒಂದು ವಾರ ಮಾತು ಬಿಟ್ಟಿದ್ರು. ಎಂಟು ಸಾವಿರ ಓಡಿದೆ, ಇನ್ನೂ ಒಂದೂ ಹರಿದಿಲ್ಲ.

ದಿನಕ್ಕೆ ನಲವತ್ತೈದು ಟಾರು ಇರೋ ನನಗೆ ಮೂರನೇದೇ. ಜಲ್ಲಿ ಕ್ವಾರಿಗೆ ಓಡಾಡೋರಾದ್ರೆ ನಾನೇ ಎಲ್‌ಟಿ ಹಾಕಿ ಅಂತೀನಿ, ಹೊಸದು. ತೋಟಕ್ಕೆ ಹೋಗೋ ದಾರೀನೂ ಕಾಂಕ್ರೀಟ್ ಆಗಿದ್ರೆ ಗಾಡಿ ಜೊತೆ ಬಂದಿದ್ದೇ ಓಡ್ಸಿ, ದುಡ್ಡು ಉಳೀಲಿ. ಹಳೇ ರಾಕ್ಷಸ ಸೆಟ್ಟು ಭಾವಮೈದ ಜಿಪ್ಸಿಗೆ ಕೇಳಿದಾನೆ, ಅವನ ಜಿಪ್ಸಿ ಟಾರ್ ಕಂಡು ಎರಡು ವರ್ಷ ಆಯ್ತು. 3119 ತೋರಿಸೇ ಕೊಡ್ತಿದೀನಿ, ದುಡ್ಡಿನ ಬದಲು ಒಂದು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರ ಅಂತ ಮಾತಾಗಿದೆ.