ಒಂದೇ 76ರಲ್ಲಿ ಎರಡು ಅಡಾಜಿಯೊ: ಮೊಜಾರ್ಟ್ ಮತ್ತು ರಾವೆಲ್

ಮೊಜಾರ್ಟ್‌ನ 23ನೇ ಪಿಯಾನೊ ಕನ್ಚೆರ್ಟೊ, ಅಂದರೆ ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ (ಪಟ್ಟಿ ಸಂಖ್ಯೆ ಕೆ. 488, 1786), ಮತ್ತು 1932ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ನುಡಿಸಲಾದ ರಾವೆಲ್‌ನ ಜಿ ಮೇಜರ್ ಕನ್ಚೆರ್ಟೊ: ಎರಡರ ನಡುವಿನ ಭಾಗವೂ ಅಡಾಜಿಯೊ, ಅಂದರೆ ನಿಧಾನ ನಡೆಯದು. ಎರಡರಲ್ಲೂ ಪಿಯಾನೊ ಒಂಟಿಯಾಗಿ ಶುರು ಮಾಡುತ್ತದೆ, ಬಾರ್‌ಗೆ (ತಾಳದ ಒಂದು ಸುತ್ತಿಗೆ) ಆರು ಕ್ವೇವರ್ (ಎಣಿಕೆಯ ಒಂದು ಅಳತೆ). ವೇಗ ಕ್ವೇವರ್‌ಗೆ 76, ಅಂದರೆ ನಿಮಿಷಕ್ಕೆ 76 ಕ್ವೇವರ್, ಎಂದು ರಾವೆಲ್‌ನ ಪುಟದಲ್ಲೇ ಇದೆ. ಮೊಜಾರ್ಟ್ ಪುಟದಲ್ಲಿ ಅಂಕಿ ಇರುವಂತಿಲ್ಲ. ಟಕಟಕ ಎಂದು ವೇಗ ತೋರಿಸುವ ಮೆಟ್ರೊನೋಮ್‌ಗೆ ಪೇಟೆಂಟ್ ಸಿಕ್ಕಿದ್ದೇ 1815ರಲ್ಲಿ, ಆತ ತೀರಿಕೊಂಡು 24 ವರ್ಷವಾದ ಮೇಲೆ. ಆದ್ದರಿಂದ ಎರಡನ್ನೂ 76ಕ್ಕೇ ಇಟ್ಟು, ಒಂದೇ ಪಿಯಾನೊದಲ್ಲಿ ಒಂದರ ಹಿಂದೆ ಒಂದು ನುಡಿಸಿ ನೋಡಿದೆವು.

ಗಡಿಯಾರದ ಪ್ರಕಾರ ಎರಡೂ ಒಂದೇ: ಬಾರ್‌ಗೆ ಸುಮಾರು 4.7 ಸೆಕೆಂಡು. ಕಿವಿಗೆ ಮಾತ್ರ ಮೊಜಾರ್ಟ್ ತೂಗುತ್ತದೆ, ರಾವೆಲ್ ನಿಂತಲ್ಲೇ ನಿಂತಂತೆ ಕೇಳುತ್ತದೆ. ಕಾರಣ ವೇಗದಲ್ಲಿಲ್ಲ, ಎಣಿಕೆಯನ್ನು ಕಟ್ಟಿದ ರೀತಿಯಲ್ಲಿದೆ.

ಮೊಜಾರ್ಟ್‌ದು 6/8 (ಆರು ಕ್ವೇವರ್ ಮೂರು ಮೂರಾಗಿ), ಸಿಸಿಲಿಯಾನೊ ಎಂಬ ತೂಗುವ ನಡೆ. ಚುಕ್ಕಿ ಕ್ವೇವರ್ (ಒಂದೂವರೆ ಕ್ವೇವರ್), ಸೆಮಿಕ್ವೇವರ್ (ಅರ್ಧ ಕ್ವೇವರ್), ಕ್ವೇವರ್: ಅಂದರೆ ಸೆಮಿಕ್ವೇವರ್ ಲೆಕ್ಕದಲ್ಲಿ 3, 1, 2. ಕೊನ್ನಕ್ಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಬಲ್ಲವರು 'ತಕಿಟ, ತ, ತಕ' ಎಂದು ಹೇಳಿಕೊಂಡರೆ ಅರ್ಧ ಬಾರ್ ಸರಿಯಾಗಿ ಕೂರುತ್ತದೆ. ಎಡವುವುದು ಆ ಒಂಟಿ 'ತ'ದಲ್ಲಿ. ಅದನ್ನು ಮೊಟಕು ಮಾಡಿದರೆ ಕವಾಯತು, ಎಳೆದರೆ ಮೂರು ಸ್ವರವೂ ಸಮವಾಗಿ ಲಾಲಿಹಾಡು. ಮೆಟ್ರೊನೋಮನ್ನು ಸೆಮಿಕ್ವೇವರ್‌ಗೆ ಇಟ್ಟು ಒಂದು ವಾರ ನುಡಿಸಿ.

60ಕ್ಕೆ ಇಳಿಸಿದರೆ ಬಾರ್‌ಗೆ ಆರು ಸೆಕೆಂಡು. ಮೇಲಿನ ತಂತಿಯ ನಾದ ಅಷ್ಟು ಹೊತ್ತು ಉಳಿಯದೆ ಸ್ವರಗಳ ನಂಟು ಕಡಿಯುತ್ತದೆ; ದುಃಖ ಹೆಚ್ಚಲಿ ಎಂದು ನಿಧಾನಿಸುವವರಿಗೆ ಸಿಗುವುದು ಬಿಡಿ ಸ್ವರಗಳು. 96ರಲ್ಲಿ ಕುಣಿತ ಮಾತ್ರ ಉಳಿಯುತ್ತದೆ. ನಮಗೆ ಹಿಡಿಸಿದ್ದು 80ರಿಂದ 84.

ಶ್ರುತಿ ಎಫ್ ಶಾರ್ಪ್ ಮೈನರ್. ಮೊಜಾರ್ಟ್ ಈ ಶ್ರುತಿಯಲ್ಲಿ ಬರೆದ ಭಾಗ ಇದೊಂದೇ. ನಾಲ್ಕೂವರೆ ಕಟ್ಟೆಯಲ್ಲಿ (ಎಫ್ ಶಾರ್ಪನ್ನೇ ಷಡ್ಜವಾಗಿಟ್ಟು) ಕೀರವಾಣಿ ರಾಗದ ಸ್ವರಗಳನ್ನು ಹಾಡಿಕೊಂಡರೆ ಸ್ವರಸ್ಥಾನಗಳು ಹೆಚ್ಚುಕಡಿಮೆ ಅವೇ. (ರಾಗವೆಂದು ತಿಳಿಯಬೇಡಿ, ಇಲ್ಲಿ ಕೆಲಸ ಮಾಡುವುದು ಸ್ವರಮೇಳ.) ಪಿಯಾನೊದ ಒಂಟಿ ಭಾಗ ಮುಗಿಯುವ ಹೊತ್ತಿಗೆ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬರುತ್ತದೆ, ಚತುಶ್ರುತಿ ರಿಷಭ ಇರಬೇಕಾದ ಕಡೆ ಶುದ್ಧ ರಿಷಭ ಇಟ್ಟ ಹಾಗೆ. ಇಡೀ ಭಾಗದ ನೋವು ಆ ಒಂದು ಹೆಜ್ಜೆಯಲ್ಲಿದೆ. ಅಲ್ಲಿ ಜೋರು ಮಾಡಬೇಡಿ, ಒಂದು ಕೂದಲೆಳೆಯಷ್ಟು ತಡೆದು ಮೆತ್ತಗೆ ಒತ್ತಿ. ನಾದ ಉಳಿಸುವ ಪೆಡಲನ್ನು ಅರ್ಧ ಬಾರ್‌ಗೊಮ್ಮೆ ಬದಲಿಸಿದರೆ ಸಾಕು, ಕಾರ್ಡ್ ಬದಲಾದಲ್ಲಿ ಮಾತ್ರ ಅದಕ್ಕೂ ಮೊದಲೇ. ಕೊನೆಗೆ ತಂತಿವಾದ್ಯಗಳು ಬೆರಳಲ್ಲಿ ಮೀಟುವಾಗ ಬಲಗೈಗೆ ದೂರ ದೂರದ ಕೆಲವೇ ಸ್ವರಗಳಿವೆ. ಕೆಲವರು ನಡುವನ್ನು ಅಲಂಕಾರದಿಂದ ತುಂಬುತ್ತಾರೆ. ಬರಿದಾಗಿ ಬಿಟ್ಟದ್ದೇ ನಮಗೆ ಹೆಚ್ಚು ತಟ್ಟಿತು.

ರಾವೆಲ್‌ದು ಇ ಮೇಜರ್, 3/4 (ಆರು ಕ್ವೇವರ್ ಎರಡೆರಡಾಗಿ). ಬಲಗೈ ಮೂರು ಎಣಿಸುತ್ತಿದ್ದರೆ ಎಡಗೈ ಅದೇ ಆರು ಕ್ವೇವರ್‌ಗಳನ್ನು ಮೂರು ಮೂರಾಗಿ ಒಡೆದು, ಒಂದು ಮಂದ್ರಸ್ವರ, ಎರಡು ಕಾರ್ಡ್ ಎಂದು ಮೂರೆಣಿಕೆಯ ವಾಲ್ಟ್ಸ್ ಕುಣಿತ ನುಡಿಸುತ್ತದೆ. ಎರಡು ಲೆಕ್ಕ ಒಂದನ್ನೊಂದು ತಡೆಯುವುದರಿಂದ ಕಾಲ ನಿಂತಂತೆ ಅನಿಸುತ್ತದೆ. ಎಡಗೈಯ ಕಾರ್ಡ್‌ಗೆ ಭಾರ ಬಿದ್ದರೆ ಬಲಗೈಯೂ 6/8ಕ್ಕೆ ಜಾರಿ ಎಲ್ಲವೂ ಕೆಟ್ಟಿತು. ಮೊದಲು ಎಡಗೈ ಮಾತ್ರ ನುಡಿಸಿ, ಬೆರಳು ಕೀಲಿಯಿಂದ ಎದ್ದೇಳಬಾರದು. ಬಾಯಲ್ಲಿ ಮೂರು ಎಣಿಸಿ. ಪೆಡಲ್ ಮಂದ್ರಸ್ವರದ ಜೊತೆ ಬದಲಾಗಬೇಕು.

ಒಂಟಿ ಭಾಗ 30ಕ್ಕೂ ಹೆಚ್ಚು ಬಾರ್, ಎರಡೂವರೆ ನಿಮಿಷ. ಈ ನಡುವೆ ವೇಗ ಗೊತ್ತಾಗದೆ ಇಳಿಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಯಾವುದಾದರೂ ಹತ್ತು ಬಾರ್ ಅಳೆಯಿರಿ: 47 ಸೆಕೆಂಡಿನ ಆಸುಪಾಸು ಇರಬೇಕು. ಮೊಜಾರ್ಟ್ 84ರಲ್ಲಾದರೆ 43.

ಹೊಸದಾಗಿ ಕೈಹಾಕುವವರು ಮೊಜಾರ್ಟ್ ಮೊದಲು ಹಿಡಿಯಲಿ. ಪಿಯಾನೊ ಒಂಟಿಯಾಗಿರುವುದು 12ನೇ ಬಾರ್‌ವರೆಗೆ ಮಾತ್ರ, ತಪ್ಪು ತಿದ್ದಲು ಬಿಡುವಿದೆ. ಲಯದಲ್ಲಿ ಪಳಗಿದವರು ರಾವೆಲ್‌ಗೆ ನೇರ ಹೋಗಬಹುದು. ಆದರೆ ವೇಗವನ್ನು ಮೊದಲ ಪುಟ ನೋಡಿ ಗೊತ್ತುಮಾಡಬೇಡಿ. ಮುಂದೆ ಕಾರ್ ಆಂಗ್ಲೆ ಎಂಬ ಊದುವ ವಾದ್ಯ ಅದೇ ಧಾಟಿಯನ್ನು ಎತ್ತಿಕೊಂಡಾಗ ಬಲಗೈಗೆ ಕ್ವೇವರ್‌ಗೆ ನಾಲ್ಕರಂತೆ, ಸೆಕೆಂಡಿಗೆ ಸುಮಾರು ಐದು ಸ್ವರ ಬರುತ್ತದೆ. ಅದು ಆ ವಾದ್ಯದ ಅಡಿಯಲ್ಲೇ ಮೆತ್ತಗೆ ಹರಿಯಬೇಕು. ಆ ಪುಟ ಎಷ್ಟರಲ್ಲಿ ಸರಾಗವಾಗುತ್ತದೋ ಆ ಅಂಕಿಯನ್ನೇ ಮೊದಲ ಬಾರ್‌ಗೆ ಇಟ್ಟುಕೊಳ್ಳಿ.