ಕಾರವಾರದ ಮಕ್ಕಳ ಓಟ-ಆಟದ ಕ್ಲಾಸು: ಅಕ್ಕೋರಿಗೆ ಪೂರ್ತಿ ಅಂಕ, ಪಾಂಪ್ಲೆಟ್‌ಗೆ ಸೊನ್ನೆ

ಕ್ಲಾಸು ಚೆನ್ನಾಗಿದೆ, ಮಕ್ಕಳನ್ನು ಧೈರ್ಯವಾಗಿ ಕಳಿಸಿ. ಆದರೆ ಅವರು ಹಂಚುವ ಪಾಂಪ್ಲೆಟ್ ನಂಬಿ ಕಳಿಸಬೇಡಿ. ಇಷ್ಟೇ ಹೇಳಿ ಮುಗಿಸಬಹುದಿತ್ತು, ಆದರೆ "ಹೇಗಿದೆ, ದುಡ್ಡು ದಂಡವಾ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ದೂರುವುದೂ ಇದೆ, ಊರು ಸಣ್ಣದು, ನಾಳೆ ಮೀನು ಮಾರ್ಕೆಟ್ಟಿನಲ್ಲಿ ಎದುರಾಗುವವರೇ ಎಲ್ಲ.

ಒಂದು ಕಟ್ಟಡದ ಮೊದಲ ಮಹಡಿಯ ಹಾಲ್. 3ರಿಂದ 8 ವರ್ಷದ ಮಕ್ಕಳಿಗೆ ಶನಿವಾರ, ಭಾನುವಾರ ಬೆಳಿಗ್ಗೆ ಒಂದೊಂದು ಗಂಟೆ. ಒಳಗೆ ಹೋದರೆ ಮೊದಲು ಸ್ವಲ್ಪ ನಿರಾಸೆ ಆಗುತ್ತದೆ, ಯಾಕೆಂದರೆ ಬಣ್ಣಬಣ್ಣದ ಜಾರುಬಂಡಿ, ಜಿಗಿಯುವ ಬಲೆ ಏನೂ ಇಲ್ಲ. ನೆಲಕ್ಕೆ ರಬ್ಬರ್ ಹಾಸು, ದಪ್ಪ ಹಗ್ಗಗಳು, ಬೇರೆ ಬೇರೆ ಗಾತ್ರದ ಚೆಂಡು, ಗೇಣೆತ್ತರದ ಒಂದು ಮರದ ತೊಲೆ, ಒಂದು ಮೂಟೆ ತೆಂಗಿನ ಚಿಪ್ಪು. ಇಷ್ಟಕ್ಕೆ ಫೀಸು ಕೊಡಬೇಕಾ ಅಂತ ನನ್ನ ಗಂಡ ಗೊಣಗಿದ್ದರು. ಆದರೆ ಜೂನ್ ಶುರುವಾದರೆ ನಮ್ಮ ಕಡೆ ಮಕ್ಕಳ ಪಾಡು ಗೊತ್ತಲ್ವಾ? ಅಂಗಳವೆಲ್ಲ ಪಾಚಿ, ಬೀಚಿಗೆ ಇಳಿಯುವ ಹಾಗಿಲ್ಲ, ಮನೆಯೊಳಗೆ ಮೊಬೈಲು. ಮಗನಿಗೆ ಐದು ತುಂಬಿದೆ. ಸೇರಿಸಿಬಿಟ್ಟೆವು.

ಇಲ್ಲಿನ ನಿಜವಾದ ಬಂಡವಾಳ ಪಾಠ ಮಾಡುವ ಅಕ್ಕೋರು. ಅವರು ಕೂಗುವುದಿಲ್ಲ, ಕೈ ಹಿಡಿದು ಮಾಡಿಸುವುದೂ ಇಲ್ಲ. ನೋಡುತ್ತಾರೆ. ನನ್ನ ಮಗ ಚೆಂಡು ಎಸೆಯುವಾಗ ಬಲಗೈಯಲ್ಲಿ ಎಸೆದು ಬಲಗಾಲನ್ನೇ ಮುಂದಿಡುತ್ತಿದ್ದ, ಚೆಂಡು ಎರಡು ಮಾರು ದೂರ ಹೋಗಿ ಪೊತ್ ಅಂತ ಬೀಳುತ್ತಿತ್ತು. ಚಿಕ್ಕ ಮಕ್ಕಳು ಮೊದಲು ಎಸೆಯುವುದೇ ಹಾಗಂತೆ: ಶುರುವಿನಲ್ಲಿ ಕಾಲು ಅಲ್ಲಾಡುವುದೇ ಇಲ್ಲ, ಆಮೇಲೆ ಎಸೆಯುವ ಕೈಯ ಕಡೆಯದೇ ಕಾಲು ಮುಂದೆ ಬರುತ್ತದೆ, ಅಭ್ಯಾಸ ಆದಮೇಲಷ್ಟೇ ಎದುರು ಕಾಲು ಮುಂದಿಟ್ಟು ಸೊಂಟ ತಿರುಗಿಸಿ ಎಸೆಯಲು ಬರುವುದು. ಅಕ್ಕೋರು ಇದನ್ನು ಅವನಿಗೆ ವಿವರಿಸಲಿಲ್ಲ. ಎಡಗಾಲಿನ ಮುಂದೆ ಒಂದು ತೆಂಗಿನ ಚಿಪ್ಪು ಇಟ್ಟು, "ಎಸೆಯುವಾಗ ಇದನ್ನು ದಾಟು" ಅಂದರು. ದಾಟಿದ. ಚೆಂಡು ಹೋಗಿ ಗೋಡೆಗೆ ಬಡಿಯಿತು. ಅವನ ಮುಖ ನೋಡಬೇಕಿತ್ತು!

ಹಿಡಿಯುವುದೂ ಹಾಗೇ. ಮೂರು ವರ್ಷದವರು ಎರಡೂ ತೋಳು ಚಾಚಿ ನಿಂತು, ಚೆಂಡು ಬಂದಾಗ ಕಣ್ಣು ಮುಚ್ಚಿ ಎದೆಗೆ ಅವುಚಿಕೊಳ್ಳುತ್ತಾರೆ. ಬರೀ ಅಂಗೈಯಲ್ಲಿ ಹಿಡಿಯುವುದು ಆಮೇಲೆ ಬರುವ ವಿದ್ಯೆ. ಒಂಟಿ ಕಾಲಲ್ಲಿ ಕುಪ್ಪಳಿಸುವುದು ನಾಲ್ಕರ ಸುಮಾರಿಗೆ. ಇದೆಲ್ಲ ವಯಸ್ಸಾದ ಹಾಗೆ ತಾನೇ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಡೆಯುವುದು ಹೆಚ್ಚುಕಮ್ಮಿ ಹಾಗೇ ಬರುತ್ತದೆ, ಎಸೆಯುವುದು, ಹಿಡಿಯುವುದು, ಗುರಿಯಿಟ್ಟು ಒದೆಯುವುದು ಬರುವುದಿಲ್ಲ. ಅದಕ್ಕೆ ಜಾಗ ಬೇಕು, ಜೊತೆಗಾರರು ಬೇಕು, ಸಾವಿರ ಸಲ ಮಾಡಬೇಕು. ಲಗೋರಿ, ಕುಂಟಾಬಿಲ್ಲೆ ಆಡಿ ಬೆಳೆದವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಈಗ ಕೇರಿಯಲ್ಲಿ ಲಗೋರಿಗೆ ಸಾಕಾಗುವಷ್ಟು ಮಕ್ಕಳನ್ನು ಒಟ್ಟು ಮಾಡಿ ತೋರಿಸಿ ನೋಡೋಣ.

ಇನ್ನು ಓದು-ಬರಹಕ್ಕೂ ಇದಕ್ಕೂ ಏನು ಸಂಬಂಧ ಅನ್ನುವ ವಿಷಯ. ಯುಕೆಜಿಯಲ್ಲಿ ಮಗನ ಬಗ್ಗೆ "ಬರೆಯುವುದು ನಿಧಾನ, ಕೂರುವುದಿಲ್ಲ" ಅಂತ ಹೇಳಿದ್ದರು. ಅಕ್ಕೋರು ಅವನಿಗೆ ಪೆನ್ಸಿಲ್ ಕೊಡಲೇ ಇಲ್ಲ. ಹಗ್ಗ ಎಳೆಸಿದರು, ಏಡಿಯ ಹಾಗೆ ಕೈಕಾಲು ಊರಿ ಹಿಂದಕ್ಕೆ ನಡೆಸಿದರು. ಹಿಡಿತ ಬರುವುದು ಒಳಗಿನಿಂದ ಹೊರಕ್ಕೆ, ಮೊದಲು ಬೆನ್ನು, ಭುಜ, ಕೊನೆಗೆ ಬೆರಳು. ಬೆನ್ನು ಗಟ್ಟಿಯಿಲ್ಲದ ಮಗು ಐದು ನಿಮಿಷಕ್ಕೆ ಬೆಂಚಿನ ಮೇಲೆ ಒರಗುತ್ತದೆ, ತಲೆಗೆ ಕೈ ಕೊಡುತ್ತದೆ, ಜಾರುತ್ತದೆ. ಅದು ತುಂಟತನ ಅಲ್ಲ. ನೆಟ್ಟಗೆ ಕೂರುವುದಕ್ಕೇ ಅರ್ಧ ಗಮನ ಖರ್ಚಾದರೆ ಅ ಆ ಇ ಈಗೆ ಉಳಿಯುವುದು ಎಷ್ಟು? ಮತ್ತೆ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ, ಹುಟ್ಟುವಾಗ ಅವು ಇನ್ನೂ ಮೆತ್ತಗೇ ಇರುತ್ತವೆ, ಒಂದೊಂದಾಗಿ ಗಟ್ಟಿಯಾಗುತ್ತಾ ಕೊನೆಯದಕ್ಕೆ ಹತ್ತು ವರ್ಷದ ಆಸುಪಾಸು ಆಗುತ್ತದೆ. ಇಂಥ ಕೈಗೆ ಮೂರೂವರೆ ವರ್ಷಕ್ಕೆ ನಾಲ್ಕು ಗೆರೆಯ ಕಾಪಿ ಕೊಟ್ಟು ಅಕ್ಷರ ದುಂಡಗಿಲ್ಲ ಅಂತ ಬೈಯುವ ಶಾಲೆಗಳ ಬಗ್ಗೆ ನಾನು ಬೇರೆ ಬರೆಯಬೇಕು, ಇಲ್ಲಿ ಬೇಡ.

ಹಾಗಂತ ಬರೆಸಲೇಬಾರದು ಅಂತಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಕೆಲವು ಅಕ್ಷರ ಕೈಯಲ್ಲಿ ಬರೆಸಿದರು, ಕೆಲವನ್ನು ಚುಕ್ಕಿ ಗೆರೆಯ ಮೇಲೆ ತಿದ್ದಿಸಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಮೆದುಳಿನ ಸ್ಕ್ಯಾನ್ ಮಾಡುತ್ತಾ ಆ ಅಕ್ಷರಗಳನ್ನು ತೋರಿಸಿದಾಗ, ಓದಿಗೆ ಬಳಕೆಯಾಗುವ ಭಾಗಗಳು ಚುರುಕಾಗಿದ್ದು ತಮ್ಮ ಕೈಯಾರೆ ಬರೆದ ಅಕ್ಷರಗಳಿಗೆ. ಅಂದರೆ ವಕ್ರವಾಗಿ ಬರೆದರೂ ಪರವಾಗಿಲ್ಲ, ಮಗು ತಾನೇ ಬರೆಯಬೇಕು. ಮೊದಲು ಅದಕ್ಕೆ ಕೈ ತಯಾರಾಗಬೇಕು, ಅಷ್ಟೇ.

ಈಗ ಪಾಂಪ್ಲೆಟ್‌ಗೆ ಬರೋಣ. "ಎಡ ಮೆದುಳು-ಬಲ ಮೆದುಳು ಜೋಡಣೆ, ನೆನಪಿನ ಶಕ್ತಿ ದುಪ್ಪಟ್ಟು, ಗಣಿತದಲ್ಲಿ ಮುಂದೆ" ಅಂತ ಹೊಳೆಯುವ ಕಾಗದದ ಮೇಲೆ ಅಚ್ಚು ಹಾಕಿಸಿದ್ದಾರೆ. ಬಲಗೈಯಲ್ಲಿ ಎಡಮೊಣಕಾಲು, ಎಡಗೈಯಲ್ಲಿ ಬಲಮೊಣಕಾಲು ಮುಟ್ಟುವುದಕ್ಕೆ ಈ ಎಲ್ಲ ಬಿರುದು. ಅದು ಒಳ್ಳೆ ಕಸರತ್ತು, ಮಕ್ಕಳು ಕಿಲಕಿಲ ಅಂತ ನಕ್ಕು ಮಾಡುತ್ತಾರೆ, ಮಾಡಲಿ. ಆದರೆ ಅದರಿಂದ ಮೆದುಳಿನ ಎರಡು ಭಾಗ ಹೊಸದಾಗಿ ಜೋಡಣೆಯಾಗಿ ಓದು ಬಂದುಬಿಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಬ್ರೇನ್ ಜಿಮ್ ಅನ್ನುವ ಹೆಸರಿನಲ್ಲಿ ಹೊರದೇಶದ ಶಾಲೆಗಳಲ್ಲೂ ಇದು ಜೋರಾಗಿ ಓಡಿತ್ತು, ಪರಿಶೀಲಿಸಿದವರಿಗೆ ಆ ದೊಡ್ಡ ಮಾತುಗಳಿಗೆ ತಕ್ಕ ಪುರಾವೆ ಸಿಗಲಿಲ್ಲ. ಶಾಲೆಗೆ ಸೇರುವ ಹೊತ್ತಿಗೆ ಬೆರಳ ಕೆಲಸದಲ್ಲಿ ಚುರುಕಾಗಿರುವ ಮಕ್ಕಳು ಮುಂದೆ ಲೆಕ್ಕ, ಓದಿನಲ್ಲೂ ಚೆನ್ನಾಗಿ ಮಾಡುವುದು ಅಧ್ಯಯನಗಳಲ್ಲಿ ಕಂಡಿದೆ ನಿಜ. ಆದರೆ ಎರಡೂ ಜೊತೆಯಲ್ಲಿ ಕಾಣುತ್ತವೆ ಅಂದಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಬಂತು ಅಂತ ಆಗುವುದಿಲ್ಲ ಅಲ್ವಾ? ಇದನ್ನು ಅಕ್ಕೋರಿಗೇ ಕೇಳಿದೆ. "ಅದು ನಾನು ಬರೆದದ್ದಲ್ಲ" ಅಂದು ನಕ್ಕರು.

ಮಳೆ ಬಿಟ್ಟ ಒಂದು ಭಾನುವಾರ ಎಲ್ಲರನ್ನೂ ಟಾಗೋರ್ ಬೀಚಿಗೆ ಕರೆದೊಯ್ದರು, ಯುದ್ಧನೌಕೆ ಮ್ಯೂಸಿಯಂ ಹತ್ತಿರ, ನೀರಿನಿಂದ ದೂರದಲ್ಲಿ. ನನ್ನ ಲೆಕ್ಕದಲ್ಲಿ ಇಡೀ ಕೋರ್ಸಿನಲ್ಲಿ ಅದೇ ಬೆಸ್ಟ್ ಕ್ಲಾಸು. ಚಪ್ಪಲಿ ಬಿಚ್ಚಿಸಿ ಮೊದಲು ಒದ್ದೆ ಮರಳಿನ ಮೇಲೆ ಓಡಿಸಿದರು, ಆಮೇಲೆ ಒಣ ಮರಳಿನ ಮೇಲೆ. ಒಣ ಮರಳು ಕಾಲಡಿಯಲ್ಲಿ ಸರಿಯುತ್ತದೆ, ಪ್ರತಿ ಹೆಜ್ಜೆಗೂ ಹಿಮ್ಮಡಿ, ಬೆರಳು, ಮಂಡಿ ಎಲ್ಲ ಹೊಸದಾಗಿ ಹೊಂದಿಸಿಕೊಳ್ಳಬೇಕು. ಹಾಲ್‌ನಲ್ಲಿ ತೊಲೆಯ ಮೇಲೆ ಸರಾಗ ನಡೆಯುತ್ತಿದ್ದ ಹುಡುಗಿ ಇಲ್ಲಿ ದೊಪ್ಪನೆ ಕೂತಳು. ಅವಳ ಅಜ್ಜಿ "ಬೀಳ್ತೀಯ ಮಗಾ, ಬೀಳ್ತೀಯ!" ಅಂತ ಓಡಿಬಂದರು. ಅಕ್ಕೋರು ಮೆಲ್ಲಗೆ, "ಬಿಡಿ ಅಮ್ಮಾ, ಅವಳೇ ಏಳ್ತಾಳೆ" ಅಂದರು. ಎದ್ದಳು, ಮತ್ತೆ ಬಿದ್ದಳು, ನಗುತ್ತಲೇ ಇದ್ದಳು. ಆಗತಾನೇ ನಡೆಯಲು ಕಲಿತ ಕೂಸುಗಳನ್ನು ನ್ಯೂಯಾರ್ಕಿನಲ್ಲಿ ಸಂಶೋಧಕರು ಗಮನಿಸಿ ಎಣಿಸಿದ್ದಾರೆ: ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಬೀಳುವುದೂ ಲೆಕ್ಕದಲ್ಲೇ ಇದೆ, ಸುಮ್ನೆ ನಾವು ಹೆದರುತ್ತೇವೆ. (ಇನ್ನೂ ವಾಕರ್ ಖರೀದಿಸುವವರು ಇದ್ದರೆ ಒಂದು ಮಾತು: ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಮೆಟ್ಟಿಲಿಂದ ಉರುಳುವ ಅಪಾಯ ಇದೆ, ನಡೆಯುವುದು ಬೇಗ ಬರುವುದೂ ಇಲ್ಲ.)

ದೂರುಗಳು. ಒಂದು ಬ್ಯಾಚಿಗೆ ಮಕ್ಕಳು ಜಾಸ್ತಿ. ಸರದಿಗೆ ಕಾಯುತ್ತಾ ಗೋಡೆಗೆ ಒರಗಿ ನಿಲ್ಲುವುದೇ ಅರ್ಧ ಗಂಟೆ ಆದರೆ ಆಟದ ಕ್ಲಾಸು ಯಾಕೆ? ಮಾಲೀಕರು ನಡುನಡುವೆ ಬಂದು ರೀಲ್ಸ್‌ಗೆ ವಿಡಿಯೊ ತೆಗೆಯುತ್ತಾರೆ, ಪಾಲಕರನ್ನು ಒಂದು ಮಾತು ಕೇಳುವುದಿಲ್ಲ. ನಾನು ಬೇಡ ಅಂದಮೇಲೆ ನಿಲ್ಲಿಸಿದರು, ಆದರೆ ಮೊದಲೇ ಕೇಳಬೇಕಿತ್ತು. ಎಲ್ಲಕ್ಕಿಂತ ಸಿಟ್ಟು ತರಿಸಿದ್ದು "ಚಟುವಟಿಕೆ ಪುಸ್ತಕ" ಅಂತ ಪ್ರತ್ಯೇಕ ದುಡ್ಡಿಗೆ ಮಾರುವುದು. ಒಳಗೆ ಇರುವುದು ಚುಕ್ಕಿ ಸೇರಿಸುವ ಹಾಳೆಗಳು, ಅಂಗಡಿಯಲ್ಲಿ ಕಾಲು ಭಾಗದ ಬೆಲೆಗೆ ಸಿಗುತ್ತವೆ. ಕೊಳ್ಳಬೇಡಿ, ಕಡ್ಡಾಯ ಅಲ್ಲ.

ವಾರಕ್ಕೆ ಎರಡು ಗಂಟೆಯಿಂದಲೇ ಎಲ್ಲ ಆಗುತ್ತದೆ ಅಂತ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಪ್ರಕಾರ 3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥದ್ದು. ಅದನ್ನು ಯಾವ ಕ್ಲಾಸೂ ಕೊಡಲಾರದು. ಮನೆಯಲ್ಲಿ ನಾವು ಈಗ ಚಪಾತಿ ಹಿಟ್ಟು ನಾದುವುದು, ಬಟ್ಟೆ ಹಿಂಡುವುದು ಮಗನಿಗೇ ಬಿಟ್ಟಿದ್ದೇವೆ. ಅಡುಗೆಮನೆ ರಂಪ ಆಗುತ್ತದೆ, ಆಗಲಿ.

ಒಂದೂವರೆ ವರ್ಷ ದಾಟಿದರೂ ನಡೆಯದ, ಅಥವಾ ಮೊದಲು ಮಾಡುತ್ತಿದ್ದದ್ದನ್ನು ಈಗ ಬಿಟ್ಟಿರುವ ಮಗು ಇದ್ದರೆ ಇಂಥ ಕ್ಲಾಸಿಗೆ ಬರುವುದಲ್ಲ, ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಅಂಗನವಾಡಿಗಳಿಗೆ ಬಂದು ಬೆಳವಣಿಗೆಯ ತಪಾಸಣೆ ಉಚಿತವಾಗಿ ಮಾಡುತ್ತದೆ, ನಿಮ್ಮ ಆಶಾ ಕಾರ್ಯಕರ್ತೆಗೆ ಕೇಳಿದರೆ ಹೇಳುತ್ತಾರೆ.

ಸೇರಿಸುವವರು ಎರಡನೇ ಬ್ಯಾಚ್ ಕೇಳಿ, ಅಲ್ಲಿ ಮಕ್ಕಳು ಕಡಿಮೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಕೈಹಿಡಿದು ಹತ್ತಿಸಿ. ಅಕ್ಟೋಬರಿನಿಂದ ನಾವು ಬಿಡುತ್ತಿದ್ದೇವೆ, ಮಳೆ ಹೋದಮೇಲೆ ಬೀಚು ಪುಕ್ಕಟೆ ಇದೆ. ಬರುವ ಜೂನ್‌ನಲ್ಲಿ ಮತ್ತೆ ಸೇರಿಸುತ್ತೇವೆ, ಇದೇ ಅಕ್ಕೋರು ಇದ್ದರೆ ಮಾತ್ರ.