ಡೆಸಿಲ್ ಗ್ಲೂಕೋಸೈಡ್: ಬೋರ್‌ವೆಲ್ ನೀರಿನ ಮನೆಯಲ್ಲಿ ಮೂರು ತಿಂಗಳ ಬಳಕೆ

ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ, ಸಾಬೂನು ಹಾಕಿದರೆ ನೊರೆ ಏಳುವ ಮೊದಲೇ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಕಟ್ಟುತ್ತದೆ. ಈ ಕಾರಣಕ್ಕೇ ಸಾಬೂನು ತಯಾರಿಕೆಯ ಸಾಮಗ್ರಿ ಮಾರುವ ಅಂಗಡಿಯೊಂದರಿಂದ ಸಾಬೂನಿನ ಬದಲು ಬಳಸುವ ಮಾರ್ಜಕವಾದ ಡೆಸಿಲ್ ಗ್ಲೂಕೋಸೈಡನ್ನು ಒಂದು ಕಿಲೋ ತರಿಸಿ, ಮೂರು ತಿಂಗಳಿಂದ ಪಾತ್ರೆಗೂ ಕೈತೊಳೆಯಲೂ ರೇಷ್ಮೆ ಸೀರೆಗೂ ಬಳಸುತ್ತಿದ್ದೇನೆ.

ಇದು ತಿಳಿಹಳದಿ ಬಣ್ಣದ, ತೆಳುವಾದ ಜೇನಿನಂತಹ ದ್ರವ. ಗ್ಲೂಕೋಸನ್ನೂ ತೆಂಗಿನೆಣ್ಣೆ ಅಥವಾ ತಾಳೆಬೀಜದ ಎಣ್ಣೆಯಿಂದ ಪಡೆದ ಕೊಬ್ಬಿನ ಆಲ್ಕೋಹಾಲನ್ನೂ ಆಮ್ಲದ ಸಮ್ಮುಖದಲ್ಲಿ ಕಾಯಿಸಿ ಕೂಡಿಸುತ್ತಾರೆ. ಈ ಬಗೆಯ ಕ್ರಿಯೆಯನ್ನು 1893ರಲ್ಲಿ ತೋರಿಸಿಕೊಟ್ಟವರು ಜರ್ಮನ್ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್. ಕ್ರಿಯೆಯಲ್ಲಿ ಹುಟ್ಟುವ ನೀರನ್ನು ನಿರ್ವಾತದಲ್ಲಿ ಎಳೆದು ತೆಗೆಯುತ್ತಲೇ ಇರಬೇಕು, ಶಾಖ ಮೀರಿದರೆ ಪಾಕ ಹೊತ್ತಿದಂತೆ ಸಕ್ಕರೆ ಕಂದುಗಟ್ಟುತ್ತದೆ. ಉಳಿದ ಆಲ್ಕೋಹಾಲನ್ನು ಬಟ್ಟಿ ಇಳಿಸಿ ತೆಗೆದ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನಿಂದ ಬಣ್ಣ ತಿಳಿಗೊಳಿಸುತ್ತಾರೆ. ಕೆಲವು ಮಾರ್ಜಕಗಳ ತಯಾರಿಕೆಗೆ ಬೇಕಾಗುವ ಎಥಿಲೀನ್ ಆಕ್ಸೈಡ್ ಅನಿಲದ ಬಳಕೆಯೇ ಇಲ್ಲಿಲ್ಲದ್ದರಿಂದ, ಅದರಿಂದ ಹುಟ್ಟುವ ಡಯಾಕ್ಸೇನ್ ಎಂಬ ಹಾನಿಕರ ಕಲ್ಮಶ ಉಳಿಯುವ ಭಯವಿಲ್ಲ. ಅಣುವಿನ ಸಕ್ಕರೆ ತುದಿಗೆ ವಿದ್ಯುದಾವೇಶವಿಲ್ಲ. ಹೀಗಾಗಿ ಗಡಸು ನೀರಿನ ಕ್ಯಾಲ್ಸಿಯಂ ಇದನ್ನು ಹಿಡಿದು ಕೆಳಗೆ ಕೂರಿಸಲಾರದು. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ನಿನಲ್ಲೂ ನೀರನ್ನು ಒಲಿಯುವ ಭಾಗ ಸಕ್ಕರೆಯದೇ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಬಕೆಟ್ಟಿನ ಅಂಚು ಈಗ ಸ್ವಚ್ಛವಾಗಿದೆ. ನೊರೆ ಸಣ್ಣ ಗುಳ್ಳೆಗಳದು, ನಿಧಾನವಾಗಿ ಏಳುತ್ತದೆ. ಒಗ್ಗರಣೆ ಬಾಣಲೆಯ ಜಿಡ್ಡು ಬಿಸಿನೀರಿನಲ್ಲಿ ಪೂರ್ತಿ ಬಿಟ್ಟಿತು, ತಣ್ಣೀರಿನಲ್ಲಿ ಎರಡು ಸಲ ಉಜ್ಜಬೇಕಾಯಿತು. ಉಪ್ಪು ಹಾಕಿ ಗಟ್ಟಿ ಮಾಡಲು ಹೋದೆ, ಆಗಲಿಲ್ಲ. ದ್ರವವನ್ನು ಗಟ್ಟಿಗೊಳಿಸುವ ಕ್ಸಾಂಥನ್ ಗಮ್ ಎಂಬ ಅಂಟು ಬೇಕಾಯಿತು.

ನನ್ನ ಮುಖ್ಯ ಆಕ್ಷೇಪ ಲೇಬಲ್ಲಿನ ಬಗ್ಗೆ. ಮೊದಲ ದಿನ, ಆಮ್ಲವೋ ಕ್ಷಾರವೋ ಎಂದು ಅಳೆಯುವ ಪಿಎಚ್ ಕಾಗದ ಅದ್ದಿದಾಗ ಅದು ಕಡುನೀಲಿಗೆ ತಿರುಗಿ ಹನ್ನೊಂದರ ಮೇಲೆ ನಿಂತಿತು. ಏಳು ತಟಸ್ಥ, ಹನ್ನೊಂದೆಂದರೆ ಬಲವಾದ ಕ್ಷಾರ. ಕಚ್ಚಾ ದ್ರಾವಣ ಹಾಗಿರುವುದು ಸಹಜವೇ, ಆದರೆ ಕ್ಯಾನಿನ ಮೇಲೆ ಅದರ ಸುಳಿವಿರಲಿಲ್ಲ, ಸಕ್ರಿಯ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ತೊಳೆಯುವ ಪದಾರ್ಥ, ಶೇಕಡಾ ಎಷ್ಟೆಂದೂ ಬರೆದಿರಲಿಲ್ಲ. ಹಾಗೆಯೇ ಬಳಸಿದ್ದರೆ ಆ ಕ್ಷಾರಕ್ಕೆ ಸೀರೆ ಹಾಳಾಗುತ್ತಿತ್ತು. ಸಿಟ್ರಿಕ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಆರಕ್ಕೆ ಇಳಿಸಿದ ಮೇಲಷ್ಟೇ ರೇಷ್ಮೆಗೆ ತಾಗಿಸಿದೆ. ಬಣ್ಣವೂ ಹೊಳಪೂ ಹಾಗೆಯೇ ಉಳಿದವು. ಹೀಗೆ ಇಳಿಸಿ ನೀರು ಬೆರೆಸಿದ್ದಕ್ಕೆ ಸಂರಕ್ಷಕ ಹಾಕಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಆಮ್ಲ ಅತಿಯಾದರೆ ಸಕ್ಕರೆಯ ಬಂಧವೇ ಒಡೆಯುವುದರಿಂದ ಅಲ್ಲಿಗೇ ನಿಲ್ಲಿಸುವುದು ಒಳಿತು.

ಕಣ್ಣಿಗೆ, ಚರ್ಮಕ್ಕೆ ಮೃದುವೆಂದು ಹೆಸರಾದರೂ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2017ರಲ್ಲಿ ಇದೂ ಸೇರಿದ ಆಲ್ಕೈಲ್ ಗ್ಲೂಕೋಸೈಡುಗಳ ಗುಂಪನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ನನಗೆ ತೊಂದರೆಯಾಗಿಲ್ಲ, ಅಲರ್ಜಿ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಎರಡನೆಯ ಕ್ಯಾನನ್ನು ಸಕ್ರಿಯ ಅಂಶವನ್ನೂ ಪಿಎಚ್ ಅನ್ನೂ ಬರೆದು ಕೊಡುವ ಅಂಗಡಿಯಿಂದಲೇ ತರಿಸಲಿದ್ದೇನೆ.